ಹಕಾರಕ್ಕೆ ಇನ್ನೊಂದು ಹೆಸರು

ನಿಟ್ಟೂರಿನ ಆ ಹುಡುಗಿ ಪದವಿಯ ಉಳಿದೆಲ್ಲ ವಿಷಯಗಳಲ್ಲಿ ಪಾಸಾಗಿ, ಕನ್ನಡ ಭಾಷಾ ಪತ್ರಿಕೆಯೊಂದರಲ್ಲಿ ಎರಡು ಸಲ ಫೇಲಾಗಿದ್ದಳು. ಹುಟ್ಟಿನಿಂದ ಅವಳಿಗೆ ಕಣ್ಣು ಕಾಣುವುದಿಲ್ಲ. ಅಂಧ ಮಕ್ಕಳಿಗೆ ಪಾಠ ಹೇಳುವ ವಿಶೇಷ ಶಿಕ್ಷಣ ತರಬೇತಿಗೆ ಸೀಟು ಸಿಕ್ಕಿತ್ತು. ಪದವಿ ಪೂರ್ತಿಯಾದರೆ ಮಾತ್ರ ಸೇರಿಸಿಕೊಳ್ಳುತ್ತೇವೆ ಎಂದು ತರಬೇತಿ ಸಂಸ್ಥೆಯವರು ಹೇಳಿದ್ದರು. ಮುಂದಿದ್ದದ್ದು ಒಂದೇ ಪೂರಕ ಪರೀಕ್ಷೆ. ಅದರಲ್ಲೂ ಹೋದರೆ ಆ ಸೀಟು ಬೇರೆಯವರ ಪಾಲು.

ಅಂಧ ಮಕ್ಕಳಿಗೆ, ಶ್ರವಣದೋಷವಿರುವ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಹೇಳಿದ್ದ ನಾನು ಆಗ ತುಮಕೂರಿನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿ ನೆರವು ಕೇಂದ್ರ ನೋಡಿಕೊಳ್ಳುತ್ತಿದ್ದೆ. ಕೇಂದ್ರ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಮೇಲೆ ತರಗತಿ ಬಿಟ್ಟಾಗ ತಲೆಯ ಮೇಲೆ ನೂರಾರು ಕಾಲುಗಳ ಸದ್ದು. ಈಗ ಅಲ್ಲಿ ಜೆರಾಕ್ಸ್ ಯಂತ್ರ ಇಟ್ಟಿದ್ದಾರೆ. ಆ ದಾರಿಯಲ್ಲಿ ಹೋದಾಗ ಇವತ್ತಿಗೂ ಒಂದು ಕ್ಷಣ ನಿಲ್ಲುತ್ತೇನೆ.

ಫಲಿತಾಂಶದ ಸುದ್ದಿ ತಂದವರು ಕನ್ನಡ ವಿಭಾಗದ ಮೇಷ್ಟ್ರು. ಬಾಗಿಲಲ್ಲೇ ನಿಂತು, "ಇತಿಹಾಸ ಪಾಸು, ಸಮಾಜಶಾಸ್ತ್ರ ಪಾಸು, ಇಂಗ್ಲಿಷ್ ಕೂಡ ಪಾಸು. ಕನ್ನಡ ಮತ್ತೆ ಗೋತಾ! ಮನೇಲಿ ಏನ್ ಮಾತಾಡ್ತಾಳ್ರೀ ಇವಳು, ಫ್ರೆಂಚಾ?" ಎಂದರು. ಅವರದು ಕುಹಕವಲ್ಲ. ಅವರಿಗೂ ಅರ್ಥವಾಗಿರಲಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಮೊದಲು ಉತ್ತರ ಹೇಳುತ್ತಿದ್ದವಳು ಅವಳೇ.

ಅಂಧ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಉತ್ತರ ಹೇಳುತ್ತಾರೆ, ಲಿಪಿಕಾರರು ಬರೆಯುತ್ತಾರೆ. ಲಿಪಿಕಾರರು ಅಭ್ಯರ್ಥಿಗಿಂತ ಕೆಳಗಿನ ತರಗತಿಯವರಾಗಿರಬೇಕು. ಹೇಳಿದ್ದನ್ನು ಹೇಳಿದಂತೆ ಬರೆಯಬೇಕು. ಸೇರಿಸಬಾರದು, ಬಿಡಬಾರದು, ತಿದ್ದಬಾರದು. ಬೇರೆ ವಿಷಯಗಳಿಗೆ ಇವಳಿಗೆ ಬರೆದುಕೊಟ್ಟವರು ಇವಳ ಜೊತೆ ಬಸ್ಸಿನಲ್ಲಿ ಬರುತ್ತಿದ್ದ ಗುಬ್ಬಿ ಕಡೆಯ ಹುಡುಗಿಯರು. ಕನ್ನಡಕ್ಕೆ ಮಾತ್ರ ಮೇಷ್ಟ್ರು ಮುತುವರ್ಜಿ ವಹಿಸಿ, ಕಾಗುಣಿತದಲ್ಲಿ ಒಂದು ತಪ್ಪನ್ನೂ ಮಾಡದ ಪಿಯುಸಿ ಹುಡುಗಿಯನ್ನು ಹುಡುಕಿ ತಂದಿದ್ದರು. ಎರಡು ಸಲವೂ ಅವಳೇ ಬರೆದಿದ್ದಳು. ತುಮಕೂರು ಪೇಟೆಯ ಮುಸ್ಲಿಂ ಕುಟುಂಬದವಳು, ಅವಳ ತಂದೆಗೆ ಪಾತ್ರೆ ಅಂಗಡಿ. ಅಕ್ಷರ ಅಚ್ಚು ಹಾಕಿದಂತೆ. ನಮ್ಮಲ್ಲಿದ್ದ ಅತ್ಯುತ್ತಮ ಲಿಪಿಕಾರ್ತಿಯನ್ನೇ ಕೊಟ್ಟಿದ್ದೆವು. ಆದ್ದರಿಂದ ಆ ಕಡೆ ಯಾರ ಅನುಮಾನವೂ ಹೋಗಲಿಲ್ಲ.

ಕಾರಣ ಊಹಿಸುವ ಬದಲು ಪರೀಕ್ಷೆಯನ್ನೇ ಮತ್ತೆ ನಡೆಸಿ ನೋಡೋಣ ಎಂದುಕೊಂಡೆ. ಇಬ್ಬರನ್ನೂ ಕೋಣೆಯಲ್ಲಿ ಕೂರಿಸಿ, ಹಳೆಯ ಪ್ರಶ್ನೆಪತ್ರಿಕೆಯಿಂದ ಪರಿಸರದ ಮೇಲಿನ ಪ್ರಬಂಧ ಕೊಟ್ಟೆ. ನಿಟ್ಟೂರಿನ ಹುಡುಗಿ ಸಲೀಸಾಗಿ ಹೇಳುತ್ತಾ ಹೋದಳು. ಮನೆಯ ಮಾತಿನ 'ಐತೆ', 'ಬಂದವ್ನೆ' ಒಂದೂ ಬರಲಿಲ್ಲ. ಎಲ್ಲ ಪುಸ್ತಕದ ವಾಕ್ಯ. ನಾನು ಕಿಟಕಿ ಕಡೆ ನೋಡುತ್ತಾ ಕೇಳುತ್ತಿದ್ದೆ. ಏನೂ ತಪ್ಪು ಕಾಣಲಿಲ್ಲ. ಮುಗಿದ ಮೇಲೆ ಬರೆದವಳಿಗೆ ಓದಲು ಹೇಳಿದೆ.

ಅವಳು ಬಿಡಿಸಿ ಬಿಡಿಸಿ, ಸ್ಪಷ್ಟವಾಗಿ ಓದಿದಳು: "ಕಾಡು ಕಡಿದಿದ್ದರಿಂದ ಅಸಿರು ಮಾಯವಾಯಿತು. ಅಕ್ಕಿಗಳು ಆರಿ ಓದವು."

"ಏನು ಆರಿ ಏನಾದವು?" ಎಂದೆ.

"ಅಕ್ಕಿಗಳು ಸಾರ್. ಆರಿ. ಓದವು."

ನಿಟ್ಟೂರಿನ ಹುಡುಗಿಗೆ ಇದರಲ್ಲಿ ಯಾವ ವ್ಯತ್ಯಾಸವೂ ಕೇಳಿಸಲಿಲ್ಲ. "ಸರಿಯಾಗೇ ಐತಲ್ಲ ಸಾ. ಕಾಡ್ ಇಲ್ದಿದ್ರೆ ಅಕ್ಕಿ ಇನ್ನೆಲ್ಲಿರ್ತವೆ?" ಎಂದಳು.

ನಮ್ಮ ಕಡೆಯ ಹಳ್ಳಿಗಳಲ್ಲಿ ಹಕಾರ ಬಾಯಲ್ಲಿ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ, ಹೋಗು ಓಗಾಗುತ್ತದೆ. ಕಣ್ಣಿದ್ದವರು ಹೀಗೆ ಮಾತನಾಡಿದರೂ ಬರೆಯುವಾಗ ಹ ಬರೆಯುತ್ತಾರೆ, ಪುಸ್ತಕದಲ್ಲಿ ನೋಡಿರುತ್ತಾರೆ. ಇವಳು ಊರಿನ ಶಾಲೆಯಲ್ಲೇ ಕಿವಿಯಿಂದ ಓದಿದವಳು. ಬ್ರೈಲ್ ಅಕ್ಷರಗಳು ಗೊತ್ತಿದ್ದವು. ಆದರೆ ಬ್ರೈಲ್ ಪುಸ್ತಕಗಳು ಊರಿಗೆ ಬರುತ್ತಿರಲಿಲ್ಲ. ಪಾಠವನ್ನು ಮೊದಲು ಗೆಳತಿಯರು ಓದಿ ಹೇಳಿದರು, ಆಮೇಲೆ ಫೋನು ಓದಿ ಹೇಳಿತು. ಫೋನು ಹಕ್ಕಿ ಎಂದರೂ ಇವಳ ಕಿವಿಗೆ ಅದು ಅಕ್ಕಿಯೇ. ಗುಬ್ಬಿಯ ಗೆಳತಿಯರು ಇವಳು ಅಕ್ಕಿ ಎಂದಾಗ, ತಾವೂ ಹಾಗೇ ಅನ್ನುವವರಾದ್ದರಿಂದ, ಯೋಚಿಸದೆ ಹಕ್ಕಿ ಎಂದು ಬರೆದಿದ್ದರು. ಪೇಟೆಯ ಹುಡುಗಿ ಕೇಳಿಸಿದ್ದನ್ನೇ ಬರೆದಿದ್ದಳು.

"ತಪ್ಪು ಅಂತ ಗೊತ್ತಾಗ್ಲಿಲ್ವಾ?" ಎಂದು ಅವಳನ್ನು ಕೇಳಿದೆ.

ಅವಳು ಪೆನ್ನು ಕೆಳಗಿಟ್ಟಳು. "ಗೊತ್ತಾಯ್ತು ಸಾರ್. ಆದ್ರೆ ತಿದ್ದಿದ್ರೆ ಕಾಪಿ ಹೊಡೆಸಿದ ಹಾಗೆ ಆಗಲ್ವಾ? ರೂಮಿನ ಮೇಡಂ ಎರಡು ಸಲಾನೂ ಹೇಳಿದ್ರು, ಒಂದಕ್ಷರ ಆಚೆ ಈಚೆ ಆಗ್ಬಾರ್ದು ಅಂತ." ಮತ್ತೆ ಅಂದಳು: "ನಮ್ಮನೇಲಿ ಉರ್ದು. ಒಂದನೇ ಕ್ಲಾಸಲ್ಲಿ ನಾನು 'ಅಮ್ಮಿ ಬಂದ' ಅಂದಿದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತು. ಅವತ್ತಿಂದ ನಾನು ಪುಸ್ತಕದಲ್ಲಿ ಇರೋ ಹಾಗೇ ಕಲ್ತಿದ್ದು. ಅಕ್ಕಂಗೆ ಅವಮಾನ ಆಗುತ್ತೆ ಅಂತ ಹೇಳಲಿಲ್ಲ."

"ಅಯ್ಯೋ ಇವ್ಳ," ಎಂದಳು ನಿಟ್ಟೂರಿನವಳು. "ಅವಮಾನ ಆಗ್ತದೆ ಅಂತ ಎರಡ್ ಸಲ ಫೇಲ್ ಮಾಡುಸ್ದಲ್ಲೇ!" ಇಬ್ಬರೂ ನಕ್ಕರು. ಮೇಲೆ ಯಾವುದೋ ತರಗತಿ ಬಿಟ್ಟು, ನಗು ಕಾಲುಗಳ ಸದ್ದಿನಲ್ಲಿ ಮುಳುಗಿತು.

ಕನ್ನಡ ಮೇಷ್ಟ್ರು ವಿಷಯ ಕೇಳಿ ತಲೆ ಮೇಲೆ ಕೈಯಿಟ್ಟುಕೊಂಡರು. ಅವರೇ ಒಂದು ಸಲಹೆ ಕೊಟ್ಟರು: ಗುಬ್ಬಿಯಿಂದ ಒಬ್ಬ ಹುಡುಗಿಯನ್ನು ಕರೆತಂದರೆ ಮುಗಿಯಿತು. ನನಗೂ ಅದೇ ಸರಿ ಕಂಡಿತು. ಗುಬ್ಬಿಗೆ ಹೋಗಿ, ಹಿಂದೆ ನನಗೆ ಪರಿಚಯವಿದ್ದ ಶಿಕ್ಷಕರೊಬ್ಬರ ಮೂಲಕ ಪಿಯುಸಿ ಓದುವ ಹುಡುಗಿಯೊಬ್ಬಳನ್ನು ಮಾತನಾಡಿಸಿದೆ. 'ಅಕ್ಕಿ ಆರಿ ಓಯ್ತು' ಎಂದು ಹೇಳಿ ಬರೆಸಿದೆ. ಹಕ್ಕಿ ಹಾರಿ ಹೋಯಿತು ಎಂದು ಬರೆದು ಕೊಟ್ಟಳು. ಇದರಲ್ಲಿ ನಿಯಮದ ಉಲ್ಲಂಘನೆಯೂ ಇರಲಿಲ್ಲ. ಅವಳ ಕಿವಿಗೆ ಕೇಳಿಸಿದ್ದೇ ಹಾಗೆ.

ಮುಂದಿನ ಭಾನುವಾರ ನಿಟ್ಟೂರಿಗೆ ಹೋದೆ. ಅವರ ಮನೆ ರೈಲು ಹಳಿಯಿಂದ ದೂರವಿಲ್ಲ. ಗಾಡಿ ಬಂದಾಗ ಮಾತು ನಿಲ್ಲಿಸಿ, ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುವುದು ಆ ಬೀದಿಯವರ ಅಭ್ಯಾಸ. ತಾಯಿ ಟೀ ತಂದಿಟ್ಟರು. ಹೊಸ ಲಿಪಿಕಾರ್ತಿ ಸಿಕ್ಕಿದ್ದಾಳೆ ಎಂದೆ. ಹುಡುಗಿ ಖುಷಿಪಡುತ್ತಾಳೆ ಎಂದುಕೊಂಡಿದ್ದೆ.

"ಬ್ಯಾಡ ಸಾ," ಎಂದಳು.

"ಯಾಕೆ?"

"ನಾನ್ ಪಾಸಾಯ್ತೀನಿ. ಆಮೇಲೆ ಟ್ರೈನಿಂಗ್‌ಗೆ ಓಯ್ತೀನಿ. ಅಲ್ಲಿಂದ ಇಸ್ಕೂಲ್ಗೆ ಓಗಿ ಕಣ್ ಕಾಣ್ದಿರೋ ಮಕ್ಕಳ್ಗೆ ಅಕ್ಸರ ಏಳ್ಕೊಡ್ತೀನಿ. ಅವು ನನ್ ಬಾಯ್ ನೋಡಲ್ಲ, ಬೋರ್ಡ್ ನೋಡಲ್ಲ. ನಾನ್ ಏನ್ ಬರ್ಸ್ತೀನೋ ಅದೇ ಅವ್ಕೆ ಕನ್ನಡ. ಅಲ್ಲೂ ಪಕ್ಕದಲ್ಲಿ ಗುಬ್ಬಿ ಉಡ್ಗೀನ ಕೂರುಸ್ಕಳ್ಳಾಕ್ ಆಯ್ತದಾ?"

ತಾಯಿಗೆ ಸಿಟ್ಟು ಬಂತು. "ಏನ್ಲೇ ಇವ್ಳು! ಯಾವೋಳ್ ಬರುದ್ರೆ ಏನು, ಮೊದ್ಲು ಪಾಸಾಗ್ಲಿ ಬುಡು. ಮೇಷ್ಟ್ರೇ, ನೀವ್ ಏಳಿ ಇವಳಿಗೆ. ಸೀಟ್ ಓದ್ರೆ ಇನ್ನೊಂದ್ ಸಲ ಬತ್ತದಾ?"

ತಾಯಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮೂರನೇ ಸಲ ಹೋದರೆ ಸೀಟಿಲ್ಲ. ಅಷ್ಟು ದೂರ ಬಂದವಳು ಆ ಮನೆಯ ಜಗಲಿಯಲ್ಲಿ ಉಳಿಯುತ್ತಾಳೆ. ಮಗಳು ಹೇಳಿದ್ದರಲ್ಲೂ ತಪ್ಪಿರಲಿಲ್ಲ. ಒಂದು ರೈಲು ಬಂತು, ಹೋಯಿತು. ಅದು ಹೋಗುವಷ್ಟು ಹೊತ್ತು ಯೋಚಿಸಿ, ಪೇಟೆಯ ಹುಡುಗಿಯೇ ಬರೆಯಲಿ ಎಂದೆ. ಆ ತೀರ್ಮಾನದ ಹೊಣೆ ನನ್ನದೇ ಆಗಿತ್ತು. ತಾಯಿ ಟೀ ಲೋಟ ಎತ್ತಿಕೊಂಡು ಒಳಗೆ ಹೋದರು.

ಮೊದಲು ಉಚ್ಚಾರಣೆಯ ಅಭ್ಯಾಸ ಹಿಡಿದೆವು. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಹ ಎನ್ನಬೇಕು, ಉಸಿರು ಅಂಗೈಗೆ ತಾಗಬೇಕು. ಶ್ರವಣದೋಷವಿರುವ ಮಕ್ಕಳಿಗೆ ಕುಣಿಗಲ್ ಕಡೆಯ ಶಾಲೆಗಳಲ್ಲಿ ನಾನು ಹೀಗೇ ಕಲಿಸಿದ್ದೆ. ಇವಳು ಬೇಗ ಹಿಡಿದಳು. ಅದೇ ಹೊಸ ತೊಂದರೆಗೆ ದಾರಿಯಾಯಿತು. ಯಾವ ಪದಕ್ಕೆ ಹ ಬೇಕು, ಯಾವುದಕ್ಕೆ ಬೇಡ ಎಂಬುದು ಗೊತ್ತಿಲ್ಲದ್ದರಿಂದ ಎಲ್ಲದಕ್ಕೂ ಹಾಕತೊಡಗಿದಳು. ಅರಸ ಹರಸನಾದ, ಆನೆ ಹಾನೆಯಾಯಿತು. 'ಹೆಲ್ಲರಿಗೂ ಹಾರೋಗ್ಯ ಮುಖ್ಯ' ಎಂಬ ವಾಕ್ಯವನ್ನು ಬರೆಯುವ ಹುಡುಗಿ ನಿಷ್ಠೆಯಿಂದ ಹಾಗೇ ಬರೆದಳು.

ನಿಟ್ಟೂರಿನವಳು ತಮಾಷೆಗೆ ಮನೆಯಲ್ಲೂ ಶುರು ಮಾಡಿದಳು. "ಹವ್ವಾ, ಹೂಟಕ್ ಹಿಡು."

"ಯಾಕ್ ಮಗಾ, ಕೆಮ್ಮಾ?" ಎಂದು ತಾಯಿ ಗಾಬರಿಯಾದರಂತೆ.

ಪರೀಕ್ಷೆ ಹತ್ತಿರ ಬರುತ್ತಿತ್ತು. ಸ್ಥಿತಿ ಮೊದಲಿಗಿಂತ ಕೆಟ್ಟಿತ್ತು. ಕನ್ನಡ ಮೇಷ್ಟ್ರು, "ಮೊದ್ಲು ಅರ್ಧ ತಪ್ಪಿತ್ತು, ಈಗ ನೀವು ಪೂರ್ತಿ ಮಾಡಿದ್ರಿ," ಎಂದು ಹೋದರು. ಗುಬ್ಬಿಯ ಹುಡುಗಿಗೆ ಇನ್ನೊಮ್ಮೆ ಫೋನ್ ಮಾಡಬೇಕೇ ಎಂದು ಒಂದೆರಡು ಸಲ ಯೋಚಿಸಿದೆ.

ಕಿವಿಗೆ ತಿಳಿಯದ್ದನ್ನು ಬಾಯಿಗೆ ಕಲಿಸಲು ಹೊರಟಿದ್ದೆವು. ಬೆರಳು ಉಳಿದಿತ್ತು. ಕೋಣೆಯ ಬೀರುವಿನಲ್ಲಿದ್ದ ಬ್ರೈಲ್ ಸ್ಲೇಟನ್ನು ಶೆಟ್ಟಿಹಳ್ಳಿಯ ನನ್ನ ಮನೆಗೆ ತಂದು, ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಗಳ ಮೇಲೆ ಜೋಡಿ ಪದಗಳನ್ನು ಚುಚ್ಚಲು ಕುಳಿತೆ. ಹಾಳೆಯ ಹಿಂಬದಿಯಿಂದ, ಬಲದಿಂದ ಎಡಕ್ಕೆ ಚುಚ್ಚಬೇಕು. ತಿರುಗಿಸಿದಾಗ ಚುಕ್ಕಿಗಳು ಎಡದಿಂದ ಬಲಕ್ಕೆ ಎದ್ದು ನಿಲ್ಲುತ್ತವೆ. ಎತ್ತು, ಹೆತ್ತು. ಒತ್ತು, ಹೊತ್ತು. ಉಳಿ, ಹುಳಿ. ಸಂಜೆಯೆಲ್ಲ ಟಕಟಕ ಸದ್ದು ಕೇಳಿ ನನ್ನ ಹೆಂಡತಿ, "ಅದೇನ್ರೀ, ಮನೇಲಿ ಅಕ್ಕಸಾಲಿ ಅಂಗಡಿ ಇಟ್ರಾ?" ಎಂದಳು.

ಮರುದಿನ ಕೋಣೆಯಲ್ಲಿ ಆ ಹಾಳೆಯನ್ನು ನಿಟ್ಟೂರಿನ ಹುಡುಗಿಯ ಮುಂದಿಟ್ಟೆ. ಬೆರಳು ಬಹಳ ನಿಧಾನವಾಗಿ ಹರಿಯಿತು. ಅಭ್ಯಾಸ ತಪ್ಪಿ ವರ್ಷಗಳಾಗಿದ್ದವು. ಉಳಿ, ಹುಳಿಯ ಸಾಲಿಗೆ ಬಂದಾಗ ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು.

"ಸಾ, ಎರಡೂ ಉಳೀನೆ. ಆದ್ರೆ ಈ ಉಳಿ ಮುಂದೆ ಯಾರೋ ಕೂತವ್ರೆ."

ಬ್ರೈಲ್‌ನಲ್ಲಿ ಗುಣಿತವನ್ನು ಅಕ್ಷರಕ್ಕೆ ಅಂಟಿಸಿ ಬರೆಯುವುದಿಲ್ಲ. ಒಂದು ಅಕ್ಷರಕ್ಕೆ ಆರು ಚುಕ್ಕಿ ಹಿಡಿಯುವ ಒಂದು ಮನೆ; ಮೊದಲ ಮನೆಯಲ್ಲಿ ವ್ಯಂಜನ, ಪಕ್ಕದ ಮನೆಯಲ್ಲಿ ಸ್ವರ. ಅಚ್ಚಿನಲ್ಲಿ ಉ ಮತ್ತು ಹು ನೋಡಲು ಬೇರೆ ಬೇರೆ. ಬೆರಳಿಗೆ ಮಾತ್ರ ಹುಳಿ ಎಂದರೆ ಅದೇ ಉಳಿ, ಅದರ ಮುಂದೆ ಮೂರು ಚುಕ್ಕಿಯ ಒಂದು ಮನೆ ಹೆಚ್ಚು. ಇಷ್ಟು ವರ್ಷ ಬ್ರೈಲ್ ಕಲಿಸಿದ ನಾನು ಇದನ್ನು ಪಾಠವಾಗಿ ಹೇಳಿದ್ದೆ. ಮುಂದೆ ಯಾರೋ ಕೂತಿದ್ದಾರೆ ಎಂದು ಯಾರೂ ಹೇಳಿರಲಿಲ್ಲ.

ಅಂದಿನಿಂದ ಕೆಲಸ ಹದಕ್ಕೆ ಬಂತು. ಬರೆಯುವ ಹುಡುಗಿ ಪಾಠಗಳಿಂದ ಹಕಾರದ ಪದಗಳನ್ನು ಆರಿಸಿ ಓದುತ್ತಿದ್ದಳು, ನಾನು ಚುಚ್ಚುತ್ತಿದ್ದೆ, ನಿಟ್ಟೂರಿನವಳು ಮುಟ್ಟಿ ನೆನಪಿಟ್ಟುಕೊಳ್ಳುತ್ತಿದ್ದಳು. ಬಸ್ಸಿನಲ್ಲಿ ಕೂತಾಗಲೂ ಮಡಿಲಲ್ಲಿ ಒಂದು ಹಾಳೆ. ಪದಗಳ ಮುಂದೆ ಯಾರು ಕೂತಿದ್ದಾರೆ ಎಂಬುದು ಅವಳಿಗೆ ತಿಳಿಯುತ್ತಾ ಬಂತು.

ಇನ್ನು ಅದನ್ನು ಲಿಪಿಕಾರ್ತಿಗೆ ತಿಳಿಸುವುದು ಹೇಗೆ? ಅಕ್ಷರ ಬಿಡಿಸಿ ಹೇಳಲು ಅವಕಾಶವಿದೆ. ಆದರೆ ವೇಗವಾಗಿ ಹೇಳುವಾಗ ಹ ಎಂಬ ಅಕ್ಷರದ ಹೆಸರೇ ಅವಳ ಬಾಯಲ್ಲಿ ಅ ಆಗುತ್ತಿತ್ತು. ಮೇಜು ಕುಟ್ಟಿ ತೋರಿಸಿದರೆ ಪರೀಕ್ಷಾ ಕೊಠಡಿಯಲ್ಲಿ ಅದು ಸನ್ನೆ ಎನಿಸಿಕೊಳ್ಳುತ್ತದೆ. 'ಮೂರು' ಅನ್ನೋಣ ಎಂದಳು ಬರೆಯುವ ಹುಡುಗಿ. ಮೊದಲ ದಿನವೇ 'ಮೂರು ಎಣ್ಣು ಮಕ್ಕಳ ಶಿಕ್ಷಣ' ಎಂದಾಗ ಅವಳೇ ಪೆನ್ನು ಎತ್ತಿ, "ಅಕ್ಕ, ಹೆಣ್ಣೋ, ಮೂರು ಜನಾನೋ?" ಎಂದಳು. ಕೊನೆಗೆ 'ಚುಕ್ಕಿ' ಎಂದು ಗೊತ್ತು ಮಾಡಿದೆವು. ಅದರಲ್ಲಿ ಹ ಇಲ್ಲ, ಪ್ರಬಂಧದಲ್ಲಿ ಆ ಪದ ಬರುವ ಸಂಭವವೂ ಕಡಿಮೆ. ಚುಕ್ಕಿ ಎಣ್ಣು ಮಕ್ಕಳ ಶಿಕ್ಷಣ. ಚುಕ್ಕಿ ಅಳ್ಳಿಯ ಚುಕ್ಕಿ ಅಬ್ಬ. ಇಬ್ಬರ ನಡುವೆ ಅದು ಎಷ್ಟು ಸಲೀಸಾಯಿತೆಂದರೆ ಕೋಣೆಯ ಹೊರಗೆ ನಿಂತು ಕೇಳಿದರೆ ಯಾವುದೋ ಮಗ್ಗಿ ಹೇಳುತ್ತಿದ್ದಂತಿತ್ತು.

ಪೂರಕ ಪರೀಕ್ಷೆಯ ಕೇಂದ್ರ ಕುಣಿಗಲ್‌ನಲ್ಲಿ. ಮುಂಚಿತವಾಗಿ ತಿಳಿಸದೆ ಹೋದರೆ ಕಷ್ಟ ಎಂದು ಪರೀಕ್ಷೆಗೆ ಮೊದಲೇ ಹೋಗಿ ಅಲ್ಲಿನ ಮುಖ್ಯ ಅಧೀಕ್ಷಕರನ್ನು ಕಂಡೆ. ನಿವೃತ್ತಿಗೆ ಹತ್ತಿರವಿದ್ದ, ಮುಖ ಸಡಿಲಿಸದ ಮನುಷ್ಯ. ನಾನು ಹೇಳಿದ್ದನ್ನೆಲ್ಲ ಕೇಳಿ, "ಇವಳು ಚುಕ್ಕಿ ಅಂದ್ರೆ ಅವಳು ಹ ಬರೀಬೇಕು. ಅದು ಕೋಡ್ ವರ್ಡ್ ಆಯ್ತಲ್ರೀ," ಎಂದರು.

"ಇಂಗ್ಲಿಷ್ ಪೇಪರಲ್ಲಿ ಸ್ಪೆಲಿಂಗ್ ಬಿಡಿಸಿ ಹೇಳಿದ್ರೆ ಒಪ್ಪಲ್ವಾ ಸಾರ್? ಇದೂ ಸ್ಪೆಲಿಂಗೇ. ಆ ಅಕ್ಷರದ ಹೆಸರು ಅವಳ ಬಾಯಲ್ಲಿ ನಿಲ್ಲಲ್ಲ, ಬೇರೆ ಹೆಸರಿಟ್ಟಿದ್ದಾಳೆ. ಎಲ್ಲಿ ಬೇಕು ಅನ್ನೋದು ಅವಳೇ ಹೇಳ್ತಾಳೆ. ಬರೆಯೋಳು ಊಹೆ ಮಾಡಲ್ಲ."

"ಅವತ್ತು ಬನ್ನಿ, ನೋಡೋಣ," ಎಂದರು. ಒಪ್ಪಿಗೆ ಕೊಡಲಿಲ್ಲ. ಹಿಂತಿರುಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ದಾರಿಯಲ್ಲಿ ಏನು ನೋಡಿದೆನೋ ನೆನಪಿಲ್ಲ.

ಪರೀಕ್ಷೆಯ ಬೆಳಿಗ್ಗೆ ಬರೆಯುವ ಹುಡುಗಿಯನ್ನು ಅವಳ ತಂದೆಯೇ ಸ್ಕೂಟರಿನಲ್ಲಿ ಕುಣಿಗಲ್‌ಗೆ ಕರೆತಂದರು. ಅಂಗಡಿ ಬಾಗಿಲು ಹಾಕಿ ಬಂದಿದ್ದರು. "ಸಾರ್, ಇವಳು ಅಂಗಡೀಲಿ ಗಿರಾಕಿ ಮುಂದೇನೇ ನನ್ ಕನ್ನಡ ತಿದ್ತಾಳೆ. ಇಲ್ಲಿ ಮಾತ್ರ ತಿದ್ದೋಹಾಗಿಲ್ಲ ಅಂತಾರೆ. ಹೊಟ್ಟೇಲಿ ಹೇಗೆ ಇಟ್ಕೋತಾಳೋ ನೋಡ್ಬೇಕು," ಎಂದರು. ಹುಡುಗಿ, "ಅಬ್ಬಾ, ಸುಮ್ನಿರಿ," ಎಂದು ತಂದೆಯನ್ನು ಗದರಿದಳು. ನಿಟ್ಟೂರಿನವಳ ತಾಯಿ ಅವರಿಗೆ ಕೈ ಮುಗಿದರು, ನನ್ನ ಕಡೆ ಮುಖ ತಿರುಗಿಸಲಿಲ್ಲ.

ಅಧೀಕ್ಷಕರು ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಬರೆಯುವವಳ ಕೈಗೆ ಒಂದು ಬಿಳಿ ಹಾಳೆ ಕೊಟ್ಟು, ನಿಟ್ಟೂರಿನ ಹುಡುಗಿಗೆ ಹೇಳಿದರು: "ಊರಿನ ಹೆಸರು ಹೇಳ್ತೀನಿ, ಬರೆಸಮ್ಮ. ಹೆಬ್ಬೂರು."

"ಚುಕ್ಕಿ ಎಬ್ಬೂರು."

"ಅಮೃತೂರು."

"ಅಮೃತೂರು. ಚುಕ್ಕಿ ಇಲ್ಲ ಸಾ."

ಅವರು ಕನ್ನಡಕ ಸರಿಪಡಿಸಿಕೊಂಡರು. "ಹುಲಿಯೂರುದುರ್ಗ."

ಅವಳು ತಲೆ ಬಗ್ಗಿಸಿದಳು. ಬಲಗೈ ತೋರುಬೆರಳು ಸೀರೆಯ ನೆರಿಗೆಯ ಮೇಲೆ ಮೆಲ್ಲಗೆ ಸರಿಯಿತು, ಮುಂದೆ ಹಾಳೆ ಇರುವಂತೆ. ಬಾಗಿಲಾಚೆ ನಿಂತಿದ್ದ ತಾಯಿ ಒಳಗೆ ಬಗ್ಗಿ ನೋಡಿದರು.

"ಚುಕ್ಕಿ ಉಲಿಯೂರುದುರ್ಗ. ಉಲಿ ಮುಂದೆ ಒಂದೇ ಸಾ. ಊರಿನ್ ಮುಂದೆ ಇಲ್ಲ."

ಅಧೀಕ್ಷಕರು ಹಾಳೆ ಇಸಿದುಕೊಂಡು ನೋಡಿದರು. ಮೂರೂ ಸರಿಯಾಗಿದ್ದವು. ಕೊಠಡಿ ಮೇಲ್ವಿಚಾರಕಿಯನ್ನು ಕರೆಸಿ, ಅಕ್ಷರ ಬಿಡಿಸಿ ಹೇಳಲು ಅನುಮತಿಯಿದೆ, ಚುಕ್ಕಿ ಎಂದರೆ ಹಕಾರ ಎಂದು ತಿಳಿಸಿದರು. ಆಮೇಲೆ ಹುಡುಗಿಯರ ಕಡೆ ತಿರುಗಿ, "ಆಯ್ತು, ಓಗ್ರಮ್ಮ, ಓಗಿ ಬರೀರಿ. ಒತ್ತಾಯ್ತು," ಎಂದರು.

ಬರೆಯುವ ಹುಡುಗಿ ತುಟಿ ಕಚ್ಚಿಕೊಂಡು ನೆಲ ನೋಡಿದಳು. ನಿಟ್ಟೂರಿನವಳಿಗೆ ಅದರಲ್ಲಿ ವಿಶೇಷವೇನೂ ಕೇಳಿಸಲಿಲ್ಲ. "ಥ್ಯಾಂಕ್ಸ್ ಸಾ," ಎಂದು ಅವಳ ಭುಜ ಹಿಡಿದು ನಡೆದಳು.

ಹೊರಗೆ ನಾವು ಮೂವರು ಮರದ ಕೆಳಗೆ ಕಾದೆವು. ಅಂಗಡಿಯವರು ಪಾತ್ರೆ ವ್ಯಾಪಾರದ ಮಾತು ತೆಗೆದರು, ತಾಯಿ ಇಡ್ಲಿ ಪಾತ್ರೆಯ ತಳ ಯಾಕೆ ಬೇಗ ಹೋಗುತ್ತದೆ ಎಂದು ವಿಚಾರಿಸಿದರು. ಹೆಚ್ಚುವರಿ ಸಮಯವೂ ಮುಗಿದು ಇಬ್ಬರೂ ಹೊರಗೆ ಬಂದಾಗ ಬರೆದವಳ ಬೆರಳಿಗೆ ಶಾಯಿ ಮೆತ್ತಿತ್ತು. "ಒಂದು ಕಡೆ ಅಕ್ಕ ಚುಕ್ಕಿ ಮರೆತ್ರು ಸಾರ್. ನಾನು ಹಾಗೇ ಬರ್ದೆ," ಎಂದಳು. "ಬರೀಬೇಕಾದ್ದೇ ಅಂಗೆ ಕಣೇ," ಎಂದರು ತಾಯಿ. ಅಂದು ಅವರು ನನ್ನ ಜೊತೆ ಮಾತನಾಡಿದ್ದು ಬಸ್ಸು ಹತ್ತುವಾಗ, "ಬತ್ತೀವಿ ಮೇಷ್ಟ್ರೇ," ಎಂದಷ್ಟೇ.

ಫಲಿತಾಂಶ ಬಂತು. ಪಾಸಾಗಿದ್ದಳು. ಹೇಳಿಕೊಳ್ಳುವಂಥ ಅಂಕಗಳೇನಲ್ಲ, ಸಾಕಾಗುವಷ್ಟು. ತರಬೇತಿಗೆ ಸೇರಿದಳು. ಕನ್ನಡ ಮೇಷ್ಟ್ರು ಕೋಣೆಗೆ ಬಂದು ಎಲ್ಲರಿಗೂ ಕಾಫಿ ತರಿಸಿದರು. ಕೆಲವು ಕಾಲದ ನಂತರ ನಾನು ಆ ಕಾಲೇಜು ಬಿಟ್ಟೆ.

ಅವಳು ಅಭ್ಯಾಸ ಪಾಠ ಮಾಡುತ್ತಿದ್ದ ಶಾಲೆಗೆ ಒಮ್ಮೆ ಹೋಗಿದ್ದೆ. ಬಾಗಿಲ ಬಳಿ ಸದ್ದು ಮಾಡದೆ ನಿಂತೆ. ಸುತ್ತ ಐದಾರು ಪುಟ್ಟ ಮಕ್ಕಳು, ಪ್ರತಿಯೊಬ್ಬರ ಮುಂದೆ ಒಂದು ಸ್ಲೇಟು. ಗೂಳೂರು ಕಡೆಯ ಒಂದು ಹೆಣ್ಣುಮಗು ಬರೆದು ಬೇಸತ್ತು ಕೈ ಎತ್ತಿತು.

"ಮಿಸ್, ನಾನ್ ಆಡ್ಲಾ?"

"ಬಾಯಲ್ಲೋ, ಕಾಲಲ್ಲೋ?" ಎಂದಳು ಇವಳು.

ಮಗು ಯೋಚಿಸಿತು. "ಬಾಯಲ್ಲಿ."

"ಅಂಗಾರೆ ಮೊದ್ಲು ಅದ್ನ ಬರ್ದು ನನ್ ಬೆರಳಿಗೆ ಕೊಡು. ಆಮೇಲ್ ಆಡು."

ಮಗು ಸ್ಲೇಟಿನ ಮೇಲೆ ಬಗ್ಗಿತು. ಒಂದು ಮನೆ ಹುಡುಕಿ, ಮೂರು ಸಲ ಒತ್ತಿತು.